ಹನ್ನೊಂದು ಸೆಕೆಂಡು

ಮಧುಗಿರಿ
27 ಡಿಸೆಂಬರ್ 2024

ಚಿ. ಸೌ. ಭವ್ಯಳಿಗೆ,

ನಿನ್ನ ಮದುವೆಯಾದ ಮೇಲೆ ನಿನಗೆ ಬರೆಯುತ್ತಿರುವ ಮೊದಲ ಪತ್ರ ಇದು. ಗಾಬರಿಯಾಗಬೇಡ, ಇಲ್ಲಿ ಯಾರಿಗೂ ಏನೂ ಆಗಿಲ್ಲ. ಕೊರಟಗೆರೆಯಲ್ಲಿ ನಿನ್ನ ಅಣ್ಣ ಪರಮೇಶ ಚೆನ್ನಾಗಿದ್ದಾನೆ. ನನ್ನ ಮಂಡಿ ಮೊದಲಿನ ಹಾಗೇ ಇದೆ. ಇದು ಬರೀ ಕೆಲಸದ ಪತ್ರ.

ನಾನು ರಿಟೈರ್ ಆದಾಗಿನಿಂದ ಇಲ್ಲಿನ ವಾರಪತ್ರಿಕೆಗೆ ಸಿನಿಮಾ ವಿಮರ್ಶೆ ಬರೆಯುವುದು ನಿನಗೆ ಗೊತ್ತಿದೆ. ಟಾಕೀಸು ಮುಚ್ಚಿ ಮದುವೆ ಮಂಟಪವಾದರೂ ಸಂಪಾದಕ ಪ್ರಭುದೇವ್ ಅಂಕಣ ನಿಲ್ಲಿಸಲಿಲ್ಲ, ಟಿವಿಯಲ್ಲಿ ಬಂದದ್ದನ್ನು ನೋಡಿ ಬರೆಯಿರಿ ಎಂದ. ಮೊನ್ನೆ ಕ್ರಿಸ್‌ಮಸ್ ದಿನ ಕನ್ನಡಕ್ಕೆ ಡಬ್ ಮಾಡಿದ ಒಂದು ಇಂಗ್ಲಿಷ್ ಸಿನಿಮಾ ಹಾಕಿದರು. ಹೆಸರು ‘ಮನೆ ತುಂಬ ಕ್ರಿಸ್‌ಮಸ್’. ಬೆಳಿಗ್ಗೆಯೇ ಪ್ರಭುದೇವ್ ಫೋನು: "ಮೇಷ್ಟ್ರೇ, ಇದನ್ನ ನೀವೇ ಬರೀಬೇಕು. ನಿಮ್ಗೆ ಆ ಕಡೆ ಸಂಬಂಧ ಐತಲ್ಲ." ಫೋನು ಕುಕ್ಕಿಬಿಡಬೇಕು ಎನ್ನಿಸಿತು. ಕುಕ್ಕಲಿಲ್ಲ. ಸಿನಿಮಾ ನೋಡಿದೆ.

ಕಥೆ ಇಷ್ಟೇ. ಹಿಮ ಬೀಳುವ ಊರಿನಲ್ಲಿ ಒಬ್ಬ ಅಜ್ಜ. ಹಬ್ಬಕ್ಕೆ ಅವನ ಮಕ್ಕಳು, ಸೊಸೆಯರು, ಮೊಮ್ಮಕ್ಕಳು, ಬೀಗರು ಎಲ್ಲ ಸೇರಿ ಹತ್ತೊಂಬತ್ತು ಜನ ಬರುತ್ತಾರೆ. ಬಂದ ಕ್ಷಣದಿಂದ ಕಿರುಚಾಟ. ಒಬ್ಬ ದೀಪದ ಸರ ಕಟ್ಟಲು ಏಣಿ ಹತ್ತಿ ಬೀಳುತ್ತಾನೆ, ಎದ್ದು ನಗುತ್ತಾನೆ. ಅಷ್ಟು ಎತ್ತರದಿಂದ ಬಿದ್ದವನ ಸೊಂಟ ಉಳಿಯುವುದಿಲ್ಲ, ಇದು ಎಂಟನೇ ತರಗತಿಯ ವಿಜ್ಞಾನ. ಇಬ್ಬರು ಬೀಗಿತ್ತಿಯರು ಹಿಟ್ಟು ಎರಚಾಡುತ್ತಾರೆ. ನಾಯಿ ಹಬ್ಬದ ಅಡುಗೆ ಕಚ್ಚಿಕೊಂಡು ಓಡುತ್ತದೆ, ಎಲ್ಲರೂ ಅದರ ಹಿಂದೆ. ಡಬ್ಬಿಂಗ್ ಬಗ್ಗೆ ಹೇಳುವುದೇ ಬೇಡ. ಅಮೆರಿಕದ ಅಜ್ಜ "ಯಾಕ್ಲಾ ಮಗನೆ" ಎನ್ನುತ್ತಾನೆ, ಅವನ ಸೊಸೆ ಪಠ್ಯಪುಸ್ತಕ ಓದಿದ ಹಾಗೆ ಮಾತನಾಡುತ್ತಾಳೆ. ಮೂವರು ಹೆಂಗಸರಿಗೆ ಒಬ್ಬಳದೇ ಧ್ವನಿ, ಜಗಳ ಬಂದಾಗ ಪಾಪ ಅವಳು ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಳು. ಒಂದೂಮುಕ್ಕಾಲು ಗಂಟೆಯಲ್ಲಿ ನಾನು ಒಂದು ಸಲವೂ ನಗಲಿಲ್ಲ. ಸಿಟ್ಟೂ ಬರಲಿಲ್ಲ. ಈಚೆಗೆ ನನಗೆ ಯಾವ ಸಿನಿಮಾ ನೋಡಿದರೂ ಹೀಗೇ.

ಒಂದು ಕಡೆ ಮಾತ್ರ ಕಣ್ಣು ನಿಂತಿತು. ಅಜ್ಜನ ಹೆಂಡತಿ ಎರಡು ವರ್ಷದ ಹಿಂದೆ ತೀರಿಕೊಂಡಿದ್ದಾಳೆ. ಮೆಟ್ಟಿಲಿನ ಗೋಡೆಯ ಮೇಲೆ ಅವಳ ಫೋಟೊ. ಅಜ್ಜ ಒಬ್ಬನೇ ಅದರ ಮುಂದೆ ನಿಲ್ಲುತ್ತಾನೆ, ಪಿಟೀಲು ಶುರುವಾಗುತ್ತದೆ. ನಾನು ಗಡಿಯಾರ ನೋಡಿದೆ. ಹನ್ನೊಂದು ಸೆಕೆಂಡು. ಅಷ್ಟರಲ್ಲಿ ನಾಯಿ ಕ್ರಿಸ್‌ಮಸ್ ಮರವನ್ನು ಉರುಳಿಸುತ್ತದೆ, ಮತ್ತೆ ಗಲಾಟೆ. ಸಿನಿಮಾ ಮುಗಿಯುವವರೆಗೆ ಆಕೆಯ ಹೆಸರನ್ನು ಯಾರೂ ಎತ್ತುವುದಿಲ್ಲ.

ತಿಳಿಯದೆ ಬರೆಯುವ ಅಭ್ಯಾಸ ನನಗಿಲ್ಲ. ಹಾಗಾಗಿ ಮೂರು ಪ್ರಶ್ನೆ. ಕ್ರಿಸ್‌ಮಸ್ ದಿನ ನಿಮ್ಮ ಮನೆಯಲ್ಲೂ ಹೀಗೆ ಜನ ಸೇರುತ್ತಾರೆಯೇ? ಗಟ್ಟಿಯಾಗಿ ಮಾತನಾಡುವುದು ಆ ಹಬ್ಬದ ಪದ್ಧತಿಯೇ? ತೀರಿಕೊಂಡವರನ್ನು ಆ ದಿನ ನೆನೆಯುವ ಕ್ರಮ ಉಂಟೇ, ಅಥವಾ ಸಿನಿಮಾದವರು ತೋರಿಸಿದಷ್ಟೇ?

ನಿಮ್ಮ ಮನೆಯವರನ್ನು ಕೇಳಿ ಬರೆದರೂ ಆಯಿತು. ನಿನ್ನ ಫೋನ್ ನಂಬರ್ ನನ್ನ ಹತ್ತಿರ ಈಗ ಇಲ್ಲ. ವಿಳಾಸ ಅಡುಗೆ ಮನೆಯ ಹಳೆಯ ಕ್ಯಾಲೆಂಡರಿನ ಹಿಂಭಾಗದಲ್ಲಿ ನಿನ್ನ ಅಮ್ಮನ ಅಕ್ಷರದಲ್ಲಿ ಸಿಕ್ಕಿತು.

ಇಂತಿ,
ನಂದೀಶ್ವರಯ್ಯ


ಪಾವಗಡ
9 ಜನವರಿ 2025

ಅಪ್ಪನಿಗೆ,

ಪತ್ರ ತಲುಪಿತು. ಕೆಲಸದ ಪತ್ರ ಎಂದಿದ್ದೀರಿ, ಕೆಲಸದಷ್ಟೇ ಉತ್ತರ ಬರೆಯುತ್ತೇನೆ.

ನಮ್ಮ ಮನೆಯಲ್ಲಿ ಇರುವುದು ಮೂವರು. ನಾನು, ಇನ್ನಾಸಪ್ಪ, ನಮ್ಮ ಅತ್ತೆ ತೆರೇಸಮ್ಮ. ಕ್ರಿಸ್‌ಮಸ್ ದಿನವೂ ಮೂವರೇ. ಇನ್ನಾಸಪ್ಪನಿಗೆ ವಳ್ಳೂರಿನ ಸೋಲಾರ್ ಪಾರ್ಕಿನಲ್ಲಿ ಎಲೆಕ್ಟ್ರಿಷಿಯನ್ ಕೆಲಸ. ಬಿಸಿಲಿಗೆ ಹಬ್ಬದ ರಜೆ ಇಲ್ಲವಲ್ಲ, ಬೆಳಗಿನ ಪೂಜೆಗೆ ಚರ್ಚಿಗೆ ಹೋಗಿ ಬಂದು ಊಟ ಮಾಡಿ ಡ್ಯೂಟಿಗೆ ಹೊರಟರು. ಅತ್ತೆಗೆ ಒಂದು ಕಿವಿ ಕೇಳುವುದಿಲ್ಲ, ಹಾಗಾಗಿ ಅವರ ಹತ್ತಿರ ಗಟ್ಟಿಯಾಗಿ ಮಾತನಾಡುತ್ತೇವೆ. ಅದು ಪದ್ಧತಿಯಲ್ಲ, ಕಿವಿ. ನೀವು ಕೇಳದಿದ್ದರೂ ಹೇಳುತ್ತೇನೆ: ಅವರಿಗೆ ಮಟನ್ ಆದರೆ ನನಗೆ ಬೇರೆ ಪಾತ್ರೆಯಲ್ಲಿ ಚಿತ್ರಾನ್ನ. ಆ ಪಾತ್ರೆಗೆ ಅತ್ತೆ ಇನ್ನೊಂದು ಸೌಟು ಹಾಕುವುದಿಲ್ಲ, ಹಾಕಲು ಬಿಡುವುದೂ ಇಲ್ಲ.

ಆ ಸಿನಿಮಾ ನಾವೂ ನೋಡಿದೆವು. ಅತ್ತೆ ಬಿದ್ದು ಬಿದ್ದು ನಕ್ಕರು. ಅವರಿಗೆ ಯಾರಾದರೂ ಏಣಿಯಿಂದ ಬಿದ್ದರೆ ಸಾಕು. ನಾನು ಟಿವಿ ನೋಡುತ್ತಾ ಬಟಾಣಿ ಬಿಡಿಸುತ್ತಿದ್ದೆ, ಏನು ನಡೆಯಿತೆಂದು ಕೇಳಿದರೆ ಹೇಳಲು ಬರುವುದಿಲ್ಲ. ನೀವು ಬರೆದ ಫೋಟೊ ದೃಶ್ಯ ಬಂದಾಗ ಅತ್ತೆ ಸದ್ದು ಕಡಿಮೆ ಮಾಡಿ ನನ್ನ ಕಡೆ ತಿರುಗಿದರು. ಏನೋ ಹೇಳಬೇಕೆಂದಿದ್ದರು. ಅಷ್ಟರಲ್ಲಿ ಮರ ಉರುಳಿತು.

ಮೂರನೆಯ ಪ್ರಶ್ನೆಗೆ ಉತ್ತರ: ತೀರಿಕೊಂಡವರನ್ನು ಕ್ರಿಸ್‌ಮಸ್ ದಿನ ವಿಶೇಷವಾಗಿ ನೆನೆಯುವುದಿಲ್ಲ. ಅದಕ್ಕೆ ಬೇರೆ ದಿನವಿದೆ. ಯಾವ ದಿನ ಎಂದು ನಿಮಗೆ ಚೆನ್ನಾಗಿ ಗೊತ್ತು.

ಭವ್ಯ


ಮಧುಗಿರಿ
24 ಜನವರಿ 2025

ಚಿ. ಸೌ. ಭವ್ಯಳಿಗೆ,

ನಿನ್ನ ಉತ್ತರ ಸಹಾಯಕ್ಕೆ ಬಂತು. ವಿಮರ್ಶೆಯ ಕತ್ತರಿಸಿದ ತುಂಡನ್ನು ಇದರ ಜೊತೆ ಇಟ್ಟಿದ್ದೇನೆ. ಕೊನೆಯ ಪ್ಯಾರಾ ಪ್ರಭುದೇವ್‌ಗೆ ಇಷ್ಟವಾಗಲಿಲ್ಲ, "ಕಾಮಿಡಿ ಪಿಚ್ಚರ್‌ಗೆ ಇಷ್ಟೊಂದು ಸೂತಕ ಯಾಕ್ ಮೇಷ್ಟ್ರೇ" ಎಂದ. ನಾನು ತೆಗೆಯಲು ಒಪ್ಪಲಿಲ್ಲ. ಅದು ಹೀಗಿದೆ:

"ಈ ಸಿನಿಮಾದ ದೋಷ ಗಲಾಟೆಯಲ್ಲ. ತುಂಬಿದ ಮನೆಯಲ್ಲಿ ಗಲಾಟೆ ಇರಲಿ. ಆದರೆ ಇಲ್ಲಿನ ಹತ್ತೊಂಬತ್ತು ಜನ ಗಲಾಟೆ ಮಾಡುವುದು ಸಂತೋಷಕ್ಕಲ್ಲ. ಸುಮ್ಮನಾದರೆ ಮೆಟ್ಟಿಲಿನ ಮೇಲಿನ ಫೋಟೊ ಕಣ್ಣಿಗೆ ಬೀಳುತ್ತದೆ ಎಂಬ ಹೆದರಿಕೆಗೆ. ನಿರ್ದೇಶಕನಿಗೂ ಅದೇ ಹೆದರಿಕೆ. ಹಾಗಾಗಿ ಹನ್ನೊಂದು ಸೆಕೆಂಡಿಗೆ ನಾಯಿಯನ್ನು ಬಿಟ್ಟಿದ್ದಾನೆ. ಕ್ರೈಸ್ತರಲ್ಲಿ ತೀರಿಕೊಂಡವರನ್ನು ನೆನೆಯಲು ಬೇರೆಯೇ ದಿನವಿದೆಯೆಂದು ಬಲ್ಲವರು ತಿಳಿಸಿದ್ದಾರೆ. ಆ ದಿನದ ಬಗ್ಗೆ ಯಾರಾದರೂ ಸಿನಿಮಾ ಮಾಡಿದರೆ ನೋಡಬಹುದು."

ಬಲ್ಲವರು ಎಂದರೆ ನೀನು. ಆದರೆ ಆ ದಿನ ಯಾವುದೆಂದು ನನಗೆ ಗೊತ್ತು ಎಂದು ಯಾಕೆ ಬರೆದೆಯೋ ತಿಳಿಯಲಿಲ್ಲ. ನನಗೆ ಗೊತ್ತಿಲ್ಲ.

ತೀರಿಕೊಂಡವರ ವಿಷಯ ಬಂದದ್ದರಿಂದ ನಿನ್ನ ಅಮ್ಮನ ಬಗ್ಗೆ ಒಂದು ಮಾತು. ಹೊಲದಲ್ಲಿ ಅವಳ ಸಮಾಧಿಗೆ ಸುತ್ತ ಕಂಬ ನೆಟ್ಟು ತಂತಿ ಬೇಲಿ ಹಾಕಿಸಿದ್ದೇನೆ. ಗೇಟಿಗೆ ಬೀಗ ಇದೆ, ಬೀಗದ ಕೈಯನ್ನು ಸದಾ ಕೊರಳಲ್ಲಿರುವ ಲಿಂಗದ ಕರಡಿಗೆಯ ದಾರಕ್ಕೇ ಕಟ್ಟಿಕೊಂಡಿದ್ದೇನೆ ಎಂದು ಪರಮೇಶ ನಗುತ್ತಾನೆ. ಕಾರಣ ಇದೆ. ಎರಡು ವರ್ಷ ಸತತವಾಗಿ, ಮಳೆಗಾಲ ಮುಗಿಯುವ ಹೊತ್ತಿಗೆ, ಯಾರೋ ಬಂದು ಸಮಾಧಿಯ ಕಲ್ಲಿನ ಮೇಲೆ ಮೇಣ ಸುರಿದು, ಸೇವಂತಿಗೆ ಎರಚಿ ಹೋಗಿದ್ದರು. ಪಕ್ಕದ ಬೀಳಿನಲ್ಲಿ ಕುರಿ ಮೇಯಿಸುವ ಅಡವಯ್ಯ ನಿನಗೆ ನೆನಪಿರಬೇಕು. "ಯಾರೋ ಮಾಟ ಮಾಡ್ಸವ್ರೆ ಮೇಷ್ಟ್ರೇ, ಮುಟ್ಬ್ಯಾಡಿ" ಎಂದ. ನಾನು ಅದನ್ನೆಲ್ಲ ನಂಬುವವನಲ್ಲ. ಮೇಣವನ್ನು ಚಾಕುವಿನಿಂದ ಕೆರೆದು ತೆಗೆದೆ. ಬೇಲಿ ಹಾಕಿದ ಮೇಲೆ ಈ ಸಲ ಬಂದವರು ಗೇಟಿನ ಹೊರಗೇ, ಮಣ್ಣಿನ ಮೇಲೆ ಮೇಣ ಸುರಿದು ಹೋಗಿದ್ದಾರೆ. ಬೀಗ ಕೆಲಸ ಮಾಡಿದೆ ಎಂದು ಸಮಾಧಾನವಾಯಿತು.

ಇಂತಿ,
ನಿನ್ನ ತಂದೆ


ಪಾವಗಡ
5 ಫೆಬ್ರವರಿ 2025

ಅಪ್ಪನಿಗೆ,

ಆ ದಿನ ನವೆಂಬರ್ ಎರಡು. ಅವತ್ತು ಇಲ್ಲಿ ಎಲ್ಲರೂ ಸಮಾಧಿಗಳನ್ನು ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತಾರೆ. ಅತ್ತೆ ಅದನ್ನು ಸಮಾಧಿ ಹಬ್ಬ ಎನ್ನುತ್ತಾರೆ.

ಅಮ್ಮ ತೀರಿಕೊಂಡ ವರ್ಷ ಆ ದಿನ ಮಾವನ ಸಮಾಧಿಗೆ ಬತ್ತಿ ಹಚ್ಚಿ ಬಂದ ಅತ್ತೆ, ಉಳಿದ ಎರಡು ಬತ್ತಿಗಳನ್ನು ನನ್ನ ಕೈಗಿಟ್ಟರು. "ನಮ್ಮೋರಿಗೆಲ್ಲಾ ಹಚ್ಚಾಯ್ತು. ಮೀ ಅಮ್ಮಂಗೆ ಯಾರು ಹಚ್ತಾರೆ? ಪೋಯಿ ರಾ ತಲ್ಲೀ" ಎಂದು ತಮ್ಮ ತೆಲುಗು ಬೆರೆತ ಮಾತಿನಲ್ಲಿ ಹೋಗಿ ಬರಲು ಹೇಳಿದರು. ಇನ್ನಾಸಪ್ಪ ಬೈಕಿನಲ್ಲಿ ಕರೆದುಕೊಂಡು ಬಂದರು. ಅವರು ಹೊಲದೊಳಗೆ ಕಾಲಿಡಲಿಲ್ಲ, "ನಿಮ್ಮಪ್ಪಂಗೆ ಇಷ್ಟ ಆಗಕ್ಕಿಲ್ಲ" ಎಂದು ರಸ್ತೆಯಲ್ಲೇ ನಿಂತರು. ಮಾರನೆಯ ವರ್ಷವೂ ಬಂದೆವು. ಹೋದ ನವೆಂಬರಿನಲ್ಲಿ ಬಂದಾಗ ಬೇಲಿ ಇತ್ತು, ಬೀಗ ಇತ್ತು. ಸ್ವಲ್ಪ ಹೊತ್ತು ತಂತಿ ಹಿಡಿದುಕೊಂಡು ನಿಂತೆ. ಆಮೇಲೆ ಗೇಟಿನ ಹೊರಗೆ ಹಚ್ಚಿದೆ.

ಮಣ್ಣಿಗೆ ಕರೆಯಲಿಲ್ಲ, ಈಗ ಸಮಾಧಿಯ ಹತ್ತಿರಕ್ಕೂ ಬಿಡುವುದಿಲ್ಲ ಎಂದು ತಿಳಿದುಕೊಂಡೆ. ಅಳು ಬರಲಿಲ್ಲ. ಇನ್ನಾಸಪ್ಪ ದಾರಿಯಲ್ಲಿ ಟೀ ಕೊಡಿಸಿದರು, ಕುಡಿದೆ.

ಮೇಣ ಸುರಿದದ್ದು ನಾನು. ಮಾಟವಲ್ಲ.

ಭವ್ಯ


ಮಧುಗಿರಿ
21 ಏಪ್ರಿಲ್ 2025

ಭವ್ಯ,

ಫೆಬ್ರವರಿಯಿಂದ ಈ ಪತ್ರವನ್ನು ಆರು ಸಲ ಶುರು ಮಾಡಿ ಹರಿದಿದ್ದೇನೆ. ಅಂಕಣವನ್ನೂ ನಿಲ್ಲಿಸಿದ್ದೇನೆ. ಪ್ರಭುದೇವ್‌ಗೆ ಕಣ್ಣು ಮಂಜು ಎಂದು ಹೇಳಿದ್ದೇನೆ.

ನಿನ್ನ ಪತ್ರ ಬಂದ ದಿನ ಸಂಜೆ ಹೊಲಕ್ಕೆ ಹೋದೆ. ಅಡವಯ್ಯ ಕುರಿ ಅಟ್ಟಿಕೊಂಡು ವಾಪಸ್ ಹೊರಟಿದ್ದ. ನಿಲ್ಲಿಸಿ, ನಿನ್ನ ಪತ್ರವನ್ನು ಓದಿ ಹೇಳಿದೆ.

"ನಂಗೊತ್ತಿತ್ತು ಕಣ್ ಮೇಷ್ಟ್ರೇ" ಎಂದ.

"ಗೊತ್ತಿದ್ದೂ ಮಾಟ ಅಂದ್ಯಾ?"

"ಮಾಟ ಅಂದ್ರೆ ಯಾರೂ ಮುಟ್ಟಕ್ಕಿಲ್ಲ. ನೀವೂ ಮುಟ್ದಂಗೆ ಬುಟ್ಬುಡ್ತೀರ, ಮಗಳು ಇಕ್ಕಿದ್ದು ಅಂಗೇ ಇರ್ತದೆ ಅನ್ಕಂಡೆ. ನೀವ್ ನೋಡುದ್ರೆ ಚಾಕು ತಂದ್ರಿ."

"ಒಂದ್ ಮಾತು ಹೇಳ್ಬಾರ್ದಿತ್ತೇನೋ?"

"ಯೋಳಿದ್ರೆ ಬೀಗ ಹಾಕ್ತಿದ್ರಿ. ಯೋಳ್ದೆ ಇದ್ರೂ ಹಾಕುದ್ರಿ."

ಕುರಿಗಳು ಮುಂದೆ ಹೋದವು, ಅವನೂ ಹೋದ.

ಹಿಂದಿನ ಪತ್ರದಲ್ಲಿ ನಿನಗೆ ಅರ್ಧ ಮಾತ್ರ ಬರೆದಿದ್ದೆ. ಮಾಟವನ್ನು ನಂಬುವವನಲ್ಲ ಎಂದೆ. ಎರಡನೆಯ ವರ್ಷ ಮೇಣ ಕೆರೆದ ಮೇಲೆ, ಅಕ್ಕಪಕ್ಕ ಯಾರೂ ಇಲ್ಲವೆಂದು ನೋಡಿಕೊಂಡು, ಕಲ್ಲಿಗೆ ಗಂಜಲ ಹಾಕಿ ತೊಳೆದೆ. ಮೂವತ್ತೊಂದು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟ ಮನುಷ್ಯ, ಮಗಳು ಹಚ್ಚಿದ ದೀಪದ ಮೇಲೆ ದನದ ಗಂಜಲ ಸುರಿದೆ. ನನಗೆ ನಾಚಿಕೆಯಾಗುತ್ತಿದೆ. ಇದನ್ನು ಬರೆಯದೆ ಬೇರೇನು ಬರೆದರೂ ಸುಳ್ಳಾಗುತ್ತದೆ ಎಂದು ಆರು ಸಲ ಹರಿದದ್ದು.

ಇನ್ನೊಂದೂ ಇದೆ. ನಿನ್ನ ಅಮ್ಮನ ಉಸಿರು ನಿಂತದ್ದು ಬೆಳಿಗ್ಗೆ ಆರು ನಲವತ್ತಕ್ಕೆ. ಮಣ್ಣು ಮಾಡಿದ್ದು ಸಂಜೆ ನಾಲ್ಕಕ್ಕೆ. ಪಾವಗಡದಿಂದ ಮಧುಗಿರಿಗೆ ಎರಡು ಗಂಟೆ ಸಾಕು. ಆಗ ನಿನ್ನ ನಂಬರ್ ನನ್ನ ಹತ್ತಿರ ಇತ್ತು, ಫೋನು ಜೇಬಿನಲ್ಲಿತ್ತು. ಸಮಯವೂ ಇತ್ತು. ಅದಕ್ಕಿಂತ ಹೆಚ್ಚು ಬರೆಯಲು ಕೂತರೆ ಕೈ ಓಡುವುದಿಲ್ಲ.

ಅಪ್ಪ


ಪಾವಗಡ
12 ಜೂನ್ 2025

ಅಪ್ಪನಿಗೆ,

ಪತ್ರ ಬಂದು ಬಹಳ ದಿನವಾಯಿತು. ನಾನು ಕೆಲಸ ಮಾಡುವ ಲ್ಯಾಬಿನಲ್ಲಿ ಜ್ವರದ ಜನ ಹೆಚ್ಚು, ದಿನವಿಡೀ ರಕ್ತ ತೆಗೆಯುವುದೇ ಆಗಿದೆ. ಇದು ನೆಪ. ಏನು ಬರೆಯಬೇಕೆಂದು ತೋಚಲಿಲ್ಲ.

ಗಂಜಲದ ವಿಷಯ ಓದಿ ಇನ್ನಾಸಪ್ಪನಿಗೆ ಹೇಳಿದೆ. ಅವರು, "ಕಲ್ಲು ಕ್ಲೀನಾಗಿರ್ತದೆ ಬುಡು" ಎಂದರು. ಅವರಿಗೆ ಯಾರ ಮೇಲೂ ಸಿಟ್ಟು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನನಗೂ ಸಿಟ್ಟು ಇಲ್ಲ ಅಪ್ಪ. ಇದ್ದಿದ್ದರೆ ಒಳ್ಳೆಯದಿತ್ತು. ಅಮ್ಮ ಹೋದ ಸುದ್ದಿಯನ್ನು ಅಣ್ಣ ರಾತ್ರಿ ಫೋನ್ ಮಾಡಿ ಹೇಳಿದಾಗಿನಿಂದ ನನಗೆ ಮರಗಟ್ಟಿದ ಹಾಗಿದೆ. ಸೂಜಿ ಚುಚ್ಚುವ ಮೊದಲು ಜನ ಮುಖ ಕಿವುಚುತ್ತಾರಲ್ಲ, ಅದನ್ನು ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ.

ನೀವು ಅರ್ಧ ಬಿಟ್ಟದ್ದನ್ನು ಬರೆದಿದ್ದೀರಿ, ನಾನೂ ಒಂದನ್ನು ಬರೆಯುತ್ತೇನೆ. ಅಮ್ಮ ಶನಿವಾರಗಳಂದು ಪಾವಗಡದ ಶನಿಮಹಾತ್ಮನ ದರ್ಶನಕ್ಕೆ ಬರುತ್ತಿದ್ದರು, ನೀವು ಗೇಲಿ ಮಾಡುತ್ತಿದ್ದಿರಿ. ‘ಏಳೂವರೆ ವರ್ಷದ ಕಾಟ ನಿನಗಾ, ನನಗಾ’ ಎನ್ನುತ್ತಿದ್ದಿರಂತೆ. ಅಮ್ಮನಿಗೆ ಯಾವ ಶನಿಕಾಟವೂ ಇರಲಿಲ್ಲ. ದೇವಸ್ಥಾನದಲ್ಲಿ ಐದು ನಿಮಿಷ, ನಮ್ಮ ಮನೆಯಲ್ಲಿ ಎರಡು ಗಂಟೆ. ಅತ್ತೆಯ ಜೊತೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ಇಬ್ಬರೂ ಎಷ್ಟು ಗಟ್ಟಿಯಾಗಿ ಮಾತನಾಡುತ್ತಿದ್ದರೆಂದರೆ ಬೀದಿಗೆಲ್ಲ ಕೇಳುತ್ತಿತ್ತು. ನನ್ನ ಚಿತ್ರಾನ್ನದ ಪಾತ್ರೆ ಅಮ್ಮ ತಂದದ್ದು. ಅದಕ್ಕೇ ಅತ್ತೆ ಅದಕ್ಕೆ ಬೇರೆ ಸೌಟು ಹಾಕುವುದಿಲ್ಲ.

ನಿಮ್ಮ ವಿಮರ್ಶೆಯಲ್ಲಿ ಗಲಾಟೆಯ ಬಗ್ಗೆ ಬರೆದದ್ದನ್ನು ಮತ್ತೆ ಓದಿದೆ. ಸರಿಯಾಗಿದೆ. ಆದರೆ ಅಮ್ಮ ಹೋದ ಮೇಲೆ ಇಲ್ಲಿ ನಮ್ಮ ಮನೆ ಸುಮ್ಮನಾಗಿದ್ದರೂ ಯಾರೂ ಅವರ ಹೆಸರು ಎತ್ತುತ್ತಿರಲಿಲ್ಲ. ಸುಮ್ಮನಿರುವವರ ಬಗ್ಗೆಯೂ ನೀವು ಒಂದು ಸಾಲು ಬರೆಯಬಹುದಿತ್ತು.

ಭವ್ಯ


ಮಧುಗಿರಿ
30 ಆಗಸ್ಟ್ 2025

ಭವ್ಯ,

ಬೇಲಿ ಕೀಳಿಸಿದೆ. ಕಂಬ, ತಂತಿ, ಗೇಟು ಎಲ್ಲ ಅಡವಯ್ಯನ ಕುರಿಹಟ್ಟಿಗೆ ಹೋದವು. ಬೀಗವನ್ನೂ ಕೊಡಲು ಹೋದೆ. "ಕುರಿಗೆ ಬೀಗ ಯಾಕ್ ಮೇಷ್ಟ್ರೇ" ಎಂದ.

ಎರಡು ವಾರದ ಹಿಂದೆ ಒಂದು ಶನಿವಾರ ಪಾವಗಡಕ್ಕೆ ಬಂದಿದ್ದೆ. ನಿನ್ನ ಅಮ್ಮ ಹೋಗುತ್ತಿದ್ದ ಬಸ್ಸಿನಲ್ಲೇ, ಕಿಟಕಿಯ ಪಕ್ಕ ಕೂತು. ಸ್ಟ್ಯಾಂಡಿನಲ್ಲಿ ಇಳಿದೆ. ನಿಮ್ಮ ಬೀದಿ ಯಾವುದೆಂದು ಕೇಳಿ ತಿಳಿದುಕೊಂಡೆ. ಕಾಫಿ ಕುಡಿದೆ. ಇಪ್ಪತ್ತು ನಿಮಿಷ ಬೆಂಚಿನ ಮೇಲೆ ಕೂತು ಅದೇ ಬಸ್ಸಿಗೆ ವಾಪಸ್ ಹತ್ತಿದೆ. ಕಂಡಕ್ಟರು, "ದರ್ಶನ ಇಷ್ಟ್ ಬೇಗ ಆಯ್ತಾ ಯಜಮಾನ್ರೇ?" ಎಂದು ಕೇಳಿದ. ರಶ್ ಇರಲಿಲ್ಲಪ್ಪ ಎಂದೆ.

ನವೆಂಬರ್ ಎರಡಕ್ಕೆ ನೀನು ಬಾ. ನಿಮ್ಮ ಮನೆಯವರೂ ರಸ್ತೆಯಲ್ಲಿ ನಿಲ್ಲುವುದು ಬೇಡ, ಒಳಗೆ ಬರಲಿ. ನಾನು ಇರಬಾರದು ಎಂದರೆ ಅವತ್ತು ನಾನು ಹೊಲದ ಕಡೆ ಬರುವುದಿಲ್ಲ.

ಅಪ್ಪ


ಪಾವಗಡ
22 ಅಕ್ಟೋಬರ್ 2025

ಅಪ್ಪನಿಗೆ,

ಈ ಸಲ ನಾನು ಬರುವುದಿಲ್ಲ.

ನೀವು ಬೀಗ ತೆಗೆದದ್ದನ್ನು ನಂಬುತ್ತೇನೆ. ಹಟವಲ್ಲ. ಮೂರು ವರ್ಷ ಕದ್ದು ಬಂದು ಕದ್ದು ಹೋಗುವುದು ರೂಢಿಯಾಗಿತ್ತು. ಈಗ ಬಾ ಎಂದು ಕರೆದಿದ್ದೀರಿ, ಅದಕ್ಕೆ ಹೇಗೆ ಬರುವುದೆಂದು ಗೊತ್ತಾಗುತ್ತಿಲ್ಲ. ಬಂದು ನಿಂತು ಏನೂ ಅನ್ನಿಸದಿದ್ದರೆ ಎಂದು ಹೆದರಿಕೆ.

ಈ ಸಲ ನೀವೇ ಹಚ್ಚಿ.

ಜೊತೆಗಿರುವ ಡಬ್ಬಿಯಲ್ಲಿ ಎರಡು ಬತ್ತಿಗಳಿವೆ. ಅತ್ತೆ ಕಳಿಸಿದ್ದಾರೆ. ಒಂದು ಸಾಕಲ್ಲವೇ ಎಂದೆ. "ಒಕಟಿ ಗಾಳಿಗೆ ಹೋದ್ರೆ ರೆಂಡೋದು ಇರ್ತದೆ ತಲ್ಲೀ" ಎಂದರು. ಸಂಜೆ ನಾಲ್ಕರ ಮೇಲೆ ಹಚ್ಚುವುದು. ಮೊದಲು ಸ್ವಲ್ಪ ಮೇಣವನ್ನು ಕಲ್ಲಿನ ಮೇಲೆ ತೊಟ್ಟಿಕ್ಕಿಸಿ, ಅದರ ಮೇಲೆ ಬತ್ತಿ ನಿಲ್ಲಿಸಿ, ಇಲ್ಲದಿದ್ದರೆ ಬೀಳುತ್ತದೆ. ಮಂತ್ರ ಏನೂ ಬೇಡ. ಉರಿದು ಮುಗಿಯುವವರೆಗೆ ಅಲ್ಲೇ ಇರಬೇಕು. ನಾನು ಇನ್ನಾಸಪ್ಪನನ್ನು ರಸ್ತೆಯಲ್ಲಿ ನಿಲ್ಲಿಸಿ ಬಂದಿರುತ್ತಿದ್ದೆ, ಒಂದು ಸಲವೂ ಪೂರ್ತಿ ಇರಲಾಗಲಿಲ್ಲ.

ಭವ್ಯ


ಮಧುಗಿರಿ
4 ನವೆಂಬರ್ 2025

ಭವ್ಯ,

ಭಾನುವಾರ ಮೂರೂವರೆಗೇ ಹೊಲಕ್ಕೆ ಹೋದೆ. ಕಲ್ಲು ತೊಳೆದೆ, ನೀರಿನಲ್ಲಿ. ಸೇವಂತಿಗೆ ಇಟ್ಟೆ. ಅಡವಯ್ಯ ಕುರಿಗಳನ್ನು ಬೀಳಿನಲ್ಲಿ ಬಿಟ್ಟು ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತ.

ಮೊದಲನೆಯ ಬತ್ತಿ ನಿಲ್ಲಲಿಲ್ಲ. ನೀನು ಹೇಳಿದ ಹಾಗೆಯೇ ಮೇಣ ತೊಟ್ಟಿಕ್ಕಿಸಿದೆ, ಆದರೆ ಗಾಳಿ. ಹಚ್ಚಿದಾಗಲೆಲ್ಲ ಆರಿತು. ಕೊನೆಗೆ ಅದು ಮುರಿದೇ ಹೋಯಿತು. ತೆರೇಸಮ್ಮನವರು ತಿಳಿದವರು. ಎರಡನೆಯದನ್ನು ಹಚ್ಚಿ, ಗಾಳಿ ಬರುವ ಕಡೆಗೆ ಅಡವಯ್ಯ ಕಂಬಳಿ ಹಿಡಿದ. ಅದು ನಿಂತಿತು.

ನಾನು ಗಡಿಯಾರ ನೋಡಿಕೊಂಡೆ. ಅಭ್ಯಾಸ. ನಾಲ್ಕು ಹದಿನೆಂಟು.

ಅಳು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಅಡವಯ್ಯ ಕೇಳಿದ, "ಏನನ್ನುಸ್ತದೆ ಮೇಷ್ಟ್ರೇ?"

"ಏನೂ ಅನ್ನುಸ್ತಿಲ್ಲ ಕಣೋ."

"ಅಂಗಾರೆ ಸುಮ್ಕೆ ಕುಂತ್ಕಳಿ."

ಕೂತೆ. ನಿನ್ನ ಅಮ್ಮನನ್ನು ಇಲ್ಲಿ ಕೂರಿಸಿ ಮಣ್ಣು ಹಾಕಿದಾಗಲೂ ನಾನು ನಿಂತೇ ಇದ್ದೆ, ಬಂದವರಿಗೆ ನೀರು ಕೊಡಿಸುವುದು, ಜಂಗಮರಿಗೆ ಕಾರು ಹೇಳುವುದು, ಅದೇ ಗಡಿಬಿಡಿ. ಆಮೇಲೆ ಪ್ರತಿ ಸೋಮವಾರ ಬಂದಿದ್ದೇನೆ. ಗುಡಿಸುತ್ತೇನೆ, ವಿಭೂತಿ ಹಚ್ಚುತ್ತೇನೆ, ಬಿಲ್ವಪತ್ರೆ ಇಡುತ್ತೇನೆ, ಹೊರಡುತ್ತೇನೆ. ಕೂತದ್ದು ಇದೇ ಮೊದಲು. ಬತ್ತಿ ಕರಗುವವರೆಗೆ ಬೇರೆ ಕೆಲಸವಿರಲಿಲ್ಲ. ಅವಳು ಶನಿವಾರ ಮಧ್ಯಾಹ್ನ ಬಸ್ಸಿಳಿದು ಬರುವಾಗ ಮುಖದಲ್ಲಿ ಒಂದು ಕಳೆ ಇರುತ್ತಿತ್ತು. ದೇವರ ಭಕ್ತಿ ಎಂದು ಗೇಲಿ ಮಾಡುತ್ತಿದ್ದೆ. ಅದು ನೆನಪಾಯಿತು.

ಬತ್ತಿ ಆರಿದಾಗ ಐದು ಗಂಟೆ ಒಂದು ನಿಮಿಷ. ನಲವತ್ತಮೂರು ನಿಮಿಷ ಉರಿಯಿತು. ನಾನು ಏಳಲಿಲ್ಲ.

ನಿನ್ನೆ ಸೋಮವಾರ ಮತ್ತೆ ಹೋದೆ. ಮೇಣ ಕಲ್ಲಿನ ಮೇಲೆ ಗಟ್ಟಿಯಾಗಿ ಕೂತಿದೆ. ವಿಭೂತಿಯನ್ನು ಅದರ ಪಕ್ಕದಲ್ಲಿ ಹಚ್ಚಿದೆ.

ಆ ಸಿನಿಮಾವನ್ನು ಈ ಕ್ರಿಸ್‌ಮಸ್‌ಗೂ ಹಾಕುತ್ತಾರಂತೆ, ಪ್ರಭುದೇವ್ ಹೇಳಿದ. ಮತ್ತೆ ನೋಡುವ ಆಸೆ ನನಗಿಲ್ಲ. ಆದರೆ ಇಪ್ಪತ್ತೈದನೆಯ ತಾರೀಖು ನಾನು ನಿಮ್ಮ ಮನೆಗೆ ಬರಬಹುದೇ? ಇನ್ನಾಸಪ್ಪನವರಿಗೂ ತೆರೇಸಮ್ಮನವರಿಗೂ ಅಡ್ಡಿಯಿಲ್ಲ ಎಂದಾದರೆ ಮಾತ್ರ. ಬೇಡ ಎಂದರೂ ತಿಳಿಸು. ಬೇಡ ಎನ್ನಲು ನಿನಗೆ ಕಾರಣಗಳಿವೆ.

ಅಪ್ಪ


ಪಾವಗಡ
17 ನವೆಂಬರ್ 2025

ಅಪ್ಪ,

ನಿಮ್ಮ ಪತ್ರವನ್ನು ಲ್ಯಾಬಿನಲ್ಲಿ ಓದಿದೆ. ‘ನಾನು ಏಳಲಿಲ್ಲ’ ಎಂಬಲ್ಲಿಗೆ ಬಂದಾಗ ರಕ್ತ ಕೊಡಲು ಕೂತಿದ್ದ ಹೆಂಗಸು, "ಯಾಕಮ್ಮ, ನಿನಗೇ ಕಣ್ಣಲ್ಲಿ ನೀರು?" ಎಂದಳು. ಕೈಯಿಂದ ಮುಟ್ಟಿ ನೋಡಿಕೊಂಡೆ. ಇತ್ತು. ಸ್ವಲ್ಪವೇ. ಒರೆಸಿಕೊಂಡು ಅವಳ ರಕ್ತ ತೆಗೆದೆ.

ಬನ್ನಿ. ಇಪ್ಪತ್ತೈದಕ್ಕೆ ಬೇಡ, ಅವತ್ತು ಇನ್ನಾಸಪ್ಪನಿಗೆ ಡ್ಯೂಟಿ ಇರುತ್ತದೆ. ಇಪ್ಪತ್ತನಾಲ್ಕಕ್ಕೇ ಬನ್ನಿ, ಅಮ್ಮ ಬರುತ್ತಿದ್ದ ಬಸ್ಸಿಗೆ. ಈ ಸಲ ಬೆಂಚಿನ ಮೇಲೆ ಕೂರಬೇಡಿ, ಇನ್ನಾಸಪ್ಪ ಸ್ಟ್ಯಾಂಡಿಗೆ ಬಂದಿರುತ್ತಾರೆ. ಬೈಕಿನ ಹಿಂದೆ ಕೂರಲು ನಿಮ್ಮ ಮಂಡಿಗೆ ಆಗದಿದ್ದರೆ ಆಟೋ ಮಾಡಲು ಹೇಳಿದ್ದೇನೆ. ನಿಮಗೂ ಅಮ್ಮನ ಪಾತ್ರೆಯಲ್ಲೇ ಅಡುಗೆ. ಟಿವಿ ಹಾಕುವುದಿಲ್ಲ.

ನನ್ನದೊಂದು ಕೇಳಿಕೆ ಇದೆ. ಅಮ್ಮ ಹೋದ ದಿನ ಬೆಳಿಗ್ಗೆ ಆರು ನಲವತ್ತರಿಂದ ಸಂಜೆ ನಾಲ್ಕರವರೆಗೆ ಏನೇನಾಯಿತು ಎಂದು ನೀವು ನನಗೆ ಹೇಳಬೇಕು. ಅವರಿಗೆ ಯಾವ ಸೀರೆ ಉಡಿಸಿದರು, ಯಾರು ಉಡಿಸಿದರು, ಹಿಂದಿನ ರಾತ್ರಿ ಏನು ತಿಂದಿದ್ದರು, ಕೊನೆಗೆ ಏನಾದರೂ ಹೇಳಿದರೇ, ನೀವು ಫೋನನ್ನು ಜೇಬಿನಿಂದ ಎಷ್ಟು ಸಲ ತೆಗೆದಿರಿ. ಎಲ್ಲ. ಕೈ ಓಡದಿದ್ದರೆ ಬರೆಯುವುದು ಬೇಡ, ಬಾಯಲ್ಲಿ ಹೇಳಿ. ಹನ್ನೊಂದು ಸೆಕೆಂಡಿನಲ್ಲಿ ಮುಗಿಸಬೇಡಿ.

ಅತ್ತೆಯೂ ಜೊತೆಯಲ್ಲಿ ಕೂತು ಕೇಳಬೇಕಂತೆ. ಅವರಿಗೆ ಒಂದು ಕಿವಿ ಕೇಳುವುದಿಲ್ಲ, ಗಟ್ಟಿಯಾಗಿ ಹೇಳಬೇಕಾಗುತ್ತದೆ.

ನಿಮ್ಮ ಮಗಳು,
ಭವ್ಯ